ಬೊಮ್ಮಕ್ಕ ದಾಟಿಸದ ಸಮಾಧಾನ

ಈ ಸಲದ ಲೆಂಟ್‌ಗೆ, ಅಂದರೆ ಈಸ್ಟರ್‌ಗೆ ಮುಂಚಿನ ನಲವತ್ತು ಉಪವಾಸದ ದಿನಗಳಿಗೆಂದು, ದಯಾಮಣಿ ಏಳು ಸುಖಗಳನ್ನು ಬಿಟ್ಟಿದ್ದಳು. ಮಾಂಸ, ಮೀನು, ಮೊಟ್ಟೆ ಎಲ್ಲರೂ ಬಿಡುವಂಥವು; ಅದರಲ್ಲಿ ಹೇಳಿಕೊಳ್ಳುವ ಹೆಚ್ಚುಗಾರಿಕೆಯೇನಿಲ್ಲ. ನಾಲ್ಕನೆಯದು ಕಾಫಿ. ಐದನೆಯದು, ಕಾಫಿ ಬಿಟ್ಟದ್ದರಿಂದ ಬಂದ ತಲೆನೋವಿಗೆ ನುಂಗಬೇಕಾಗಿದ್ದ ಮಾತ್ರೆ. ಆರನೆಯದು ದಿಂಬು. ಏಳನೆಯದು ಸಂಜೆ ಏಳೂವರೆಯ ಧಾರಾವಾಹಿ. ಧಾರಾವಾಹಿಯಲ್ಲಿ ಏನಾಯಿತೆಂದು ಮಾರನೆಯ ಬೆಳಿಗ್ಗೆ ಗಂಡ ಪ್ರಭುದಾಸನ ಬಾಯಿಂದ ಕೇಳಿಸಿಕೊಳ್ಳುವುದನ್ನು ಮಾತ್ರ ಬಿಟ್ಟಿರಲಿಲ್ಲ. ಕೇಳಿದರೆ ನೋಡಿದಂತಾಗುವುದಿಲ್ಲವಲ್ಲ.

"ಲೇ ದಯಾ, ಇಷ್ಟೆಲ್ಲ ಬಿಟ್ಟಿದೀಯ. ಎಂಟನೇದು ಅಂತ ನನ್ನ ಬಿಟ್ಟೀಯ, ಹುಷಾರು" ಎಂದು ತಾಲ್ಲೂಕು ಕಚೇರಿಯಿಂದ ನಿವೃತ್ತನಾಗಿದ್ದ ಪ್ರಭುದಾಸ ರೇಗಿಸುತ್ತಿದ್ದ.

ಅವಳು ಬಿಡದೇ ಇಟ್ಟುಕೊಂಡಿದ್ದ ವ್ರತ ಒಂದಿತ್ತು. ಎರಡು ಬೀದಿ ಆಚೆಗಿದ್ದ ವಾರಗಿತ್ತಿ ಸುಮಿತ್ರಾಳ ಮನೆಯ ಹೊಸ್ತಿಲು ತುಳಿಯದಿರುವುದು. ಅದನ್ನು ಲೆಂಟ್ ಇರಲಿ ಇಲ್ಲದಿರಲಿ, ನಾಲ್ಕು ವರ್ಷದಿಂದ ಒಂದು ದಿನವೂ ತಪ್ಪದೆ ಪಾಲಿಸಿಕೊಂಡು ಬಂದಿದ್ದಳು.

ಹೀಗೆ ಬರೆದರೆ ದಯಾಮಣಿಗೆ ಅನ್ಯಾಯವಾದೀತು. ಆಕೆ ಕಪಟಿಯಲ್ಲ. ಹೊಸದುರ್ಗದ ಸಣ್ಣ ಚರ್ಚಿನಲ್ಲಿ, ಅಲ್ಲಿಯವರ ಮಾತಿನಲ್ಲಿ ದೇವಾಲಯದಲ್ಲಿ, ಹನ್ನೊಂದು ವರ್ಷದಿಂದ ಸ್ತ್ರೀಯರ ಕೂಟದ ಕಾರ್ಯದರ್ಶಿ. ಯಾರ ಮನೆಯಲ್ಲಿ ಜ್ವರವೆಂದರೂ ಗಂಜಿ ಹೊತ್ತುಕೊಂಡು ಹೋಗುವವಳು. ರೊಟ್ಟಿ, ದ್ರಾಕ್ಷಾರಸ ಹಂಚುವ ಸಂಸ್ಕಾರದ ಮೇಜಿಗೆ ಹಾಸುವ ಬಿಳಿ ಬಟ್ಟೆ ಒಗೆಯುವುದು ಅವಳದೇ ಪಾಲಿನ ಸೇವೆ. ಎಷ್ಟು ನೀಲಿ, ಎಷ್ಟು ಗಂಜಿ, ಇಸ್ತ್ರಿ ಎಷ್ಟು ಬಿಸಿ ಎಂಬುದನ್ನು ಅವಳು ಬೇರೆ ಯಾರಿಗೂ ಕಲಿಸಿರಲಿಲ್ಲ. ದೇವರಿಗೆ ಮುಟ್ಟುವ ಬಟ್ಟೆಯಲ್ಲಿ ಸುಕ್ಕಿರಬಾರದು ಎಂಬುದು ಅವಳ ದೃಢ ನಂಬಿಕೆ. ಒಗೆಯುವವಳ ಒಳಗಿನ ಸುಕ್ಕಿನ ವಿಷಯವನ್ನು ಚರ್ಚಿನ ಕಮಿಟಿ ಯಾವತ್ತೂ ವಿಚಾರಿಸಿರಲಿಲ್ಲ.

ಆ ಸುಕ್ಕು ಬಿದ್ದದ್ದು ಹೀಗೆ. ನಾಲ್ಕು ವರ್ಷದ ಹಿಂದೆ ಸುಮಿತ್ರಾಳ ಮಗಳು ಪ್ರೀತಿಗೆ ಚಿತ್ರದುರ್ಗದಿಂದ ಒಂದು ಒಳ್ಳೆಯ ಸಂಬಂಧ ಬಂತು. ಹುಡುಗಿ ಹಿರಿಯೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸು. ಆ ವಾರವೇ ದಯಾಮಣಿಯ ಕಿವಿಗೆ ಯಾರೋ ಒಂದು ಮಾತು ಹಾಕಿದರು: ಪ್ರೀತಿ ದಿನಾ ಆಂಬುಲೆನ್ಸ್ ಡ್ರೈವರನ ಪಕ್ಕ ಕೂತು ಓಡಾಡುತ್ತಾಳಂತೆ. ದಯಾಮಣಿ ಚಾಡಿ ಹೇಳುವವಳಲ್ಲ. ಚಾಡಿ ಪಾಪ. ಆದ್ದರಿಂದ ಅವಳು ಬುಧವಾರದ ಕೂಟದಲ್ಲಿ ಎದ್ದು ನಿಂತು ಅದನ್ನು ಪ್ರಾರ್ಥನಾ ವಿಷಯವಾಗಿ ಕೊಟ್ಟಳು. "ನಮ್ಮ ಕುಟುಂಬದ ಒಬ್ಬ ಹೆಣ್ಣುಮಗಳು ಹಿರಿಯೂರಲ್ಲಿ ದಾರಿ ತಪ್ಪುತ್ತಿದ್ದಾಳೆ, ಹೆಸರು ಬೇಡ, ದೇವರಿಗೆ ಗೊತ್ತು." ದೇವರಿಗೆ ಗೊತ್ತಿತ್ತೋ ಇಲ್ಲವೋ, ಅಲ್ಲಿದ್ದ ಇಪ್ಪತ್ತಾರು ಹೆಂಗಸರಿಗಂತೂ ಗೊತ್ತಾಯಿತು. ಅದೇ ಸಂಜೆ ಅವಳು ವಾಟ್ಸಾಪಿನ "ಪ್ರಾರ್ಥನಾ ಸರಪಳಿ" ಗುಂಪಿಗೂ ಹಾಕಿದಳು. ಗುಂಪಿನಲ್ಲಿ ಹೊಳಲ್ಕೆರೆಯ ಲೀಲಾವತಮ್ಮ ಇದ್ದರು. ಅವರು ಗಂಡಿನ ಸೋದರತ್ತೆ.

ಅದಾದ ಎಂಟನೆಯ ದಿನ ದಯಾಮಣಿ ಕಣ್ಣು ತೋರಿಸಲು ಅದೇ ಆಸ್ಪತ್ರೆಗೆ ಹೋದಳು. ಗೇಟಿನಲ್ಲಿ ಆಂಬುಲೆನ್ಸ್ ನಿಂತಿತ್ತು. ತಲೆಯೆಲ್ಲ ನರೆತ ಡ್ರೈವರ್ ಬೀಗರ ಮನೆಗೆ ಹೊರಟವನ ಹಾಗೆ ಮೂವರು ನರ್ಸುಗಳನ್ನು ಹತ್ತಿಸಿಕೊಳ್ಳುತ್ತ, "ಬೇಗ ಕುಂತ್ಕ ಮಗಾ, ಬಸ್ ಹೊಂಟೋಗ್ತೈತೆ" ಎಂದು ಪ್ರೀತಿಗೆ ಹೇಳುತ್ತಿದ್ದ. ದಯಾಮಣಿ ಅದನ್ನು ನೋಡಿ, ಕಣ್ಣಿಗೆ ಔಷಧ ಬಿಡಿಸಿಕೊಂಡು, ಬಸ್ಸು ಹತ್ತಿ ಊರಿಗೆ ಬಂದಳು. ಗುಂಪಿಗೆ ಏನನ್ನೂ ಹಾಕಲಿಲ್ಲ. ಹತ್ತನೆಯ ದಿನ ಚಿತ್ರದುರ್ಗದವರು ಬೇಡವೆಂದರು. ಮುಂದಿನ ಬುಧವಾರ, ಎಲ್ಲವನ್ನೂ ದೇವರು ಒಳ್ಳೆಯದಕ್ಕೇ ಮಾಡುತ್ತಾನೆಂದು ದಯಾಮಣಿಯೇ ಸ್ತೋತ್ರ ಸಲ್ಲಿಸಿದಳು. ಸುಮಿತ್ರಾ ಮಾತು ಬಿಟ್ಟಳು. ಪ್ರೀತಿ ಊರಿಗೆ ಬರುವುದನ್ನೇ ಬಿಟ್ಟಳು.

ಎಂಟು ಮತ್ತು ಹತ್ತರ ನಡುವಿನ ಆ ಎರಡು ದಿನ ದಯಾಮಣಿಯೊಬ್ಬಳಿಗೇ ಗೊತ್ತಿತ್ತು. ಪ್ರತಿ ಭಾನುವಾರ ಎಲ್ಲರೂ ಒಟ್ಟಾಗಿ ಓದುವ ಪಾಪದ ಅರಿಕೆ ಇತ್ತಲ್ಲ, ಅದನ್ನು ಅವಳು ಎಲ್ಲರಿಗಿಂತ ಗಟ್ಟಿಯಾಗಿ ಓದುತ್ತಿದ್ದಳು. ಅದರಲ್ಲಿ ಊರ ಹೆಸರಾಗಲಿ ತಾರೀಖಾಗಲಿ ಇರಲಿಲ್ಲ. ಅದೊಂದು ದೊಡ್ಡ ಅನುಕೂಲ.

ತೊಂದರೆಯಿದ್ದದ್ದು ಸಮಾಧಾನ ಹಂಚುವಾಗ. ತಿಂಗಳ ಮೊದಲ ಭಾನುವಾರ, ಸಂಸ್ಕಾರಕ್ಕೆ ಮುಂಚೆ, ಪಾದ್ರಿ ಅಯ್ಯನವರು ಸಭೆಯ ಹಿರಿಯರ ಎರಡೂ ಕೈ ಹಿಡಿದು ಸಮಾಧಾನ ಕೊಡುತ್ತಾರೆ. ಹಿರಿಯರು ಅದನ್ನು ತಂದು ಬೆಂಚಿನ ತುದಿಯವರಿಗೆ ಕೊಡುತ್ತಾರೆ. ಅಲ್ಲಿಂದ ಅದು ಕೈಯಿಂದ ಕೈಗೆ ದಾಟುತ್ತ ಕೊನೆಯ ಬೆಂಚಿನವರೆಗೆ ಹೋಗಬೇಕು. ಹೆಂಗಸರ ಮೂರನೆಯ ಬೆಂಚಿನಲ್ಲಿ ಮೊದಲು ದಯಾಮಣಿ, ತುದಿಗೆ ಸುಮಿತ್ರಾ. ಇಬ್ಬರೂ ಅತ್ತೆಯ ಕಾಲದಿಂದ ಕೂತ ಜಾಗ ಬಿಟ್ಟುಕೊಡುವವರಲ್ಲ. ನಡುವೆ ಬೊಮ್ಮಕ್ಕ.

ಬೊಮ್ಮಕ್ಕ ಯಲ್ಲದಕೆರೆಯ ಕಡೆ ಕುರಿ ಕಾಯ್ದುಕೊಂಡಿದ್ದವಳು. ಮಗಳ ಮನೆಗೆಂದು ಹೊಸದುರ್ಗಕ್ಕೆ ಬಂದು, ದೇವಾಲಯದ ಬೇವಿನ ನೆರಳಿಗೆ ಕೂತು, ಒಂದು ದಿನ ಒಳಗೂ ಬಂದು ಕೂತಳು. ದೀಕ್ಷಾಸ್ನಾನದ ದಿನ ಹೊಸ ಹೆಸರು ಇಟ್ಟುಕೋ ಎಂದರೆ, "ಇಷ್ಟು ದಿನ ದೇವ್ರು ಬೊಮ್ಮಕ್ಕ ಅಂತ್ಲೇ ಗುರ್ತು ಹಿಡ್ದವ್ನೆ. ಈಗ ಬದ್ಲಾಯಿಸಿದ್ರೆ ಪಾಪ, ಹುಡುಕ್ತ ಕುಂತ್ಕಂತಾನೆ" ಅಂದಿದ್ದಳು. ಈ ಬೊಮ್ಮಕ್ಕ ದಯಾಮಣಿಯ ಕೈಯಿಂದ ಸಮಾಧಾನ ತೆಗೆದುಕೊಂಡು ಸುಮಿತ್ರಾಳಿಗೆ ದಾಟಿಸುತ್ತಿದ್ದಳು. ಹೀಗೆ ನಾಲ್ಕು ವರ್ಷ ವಾರಗಿತ್ತಿಯರ ನಡುವೆ ತಿಂಗಳಿಗೊಮ್ಮೆ ನಿಯಮಪ್ರಕಾರ ಸಮಾಧಾನವಾಗುತ್ತಿತ್ತು. ಇಬ್ಬರಿಗೂ ಪರಸ್ಪರರ ಮುಖ ನೋಡುವ ಕಷ್ಟವಿರಲಿಲ್ಲ.

ಏಪ್ರಿಲ್ ಮೊದಲ ಭಾನುವಾರ ಬೊಮ್ಮಕ್ಕ ದಯಾಮಣಿಯ ಕೈಗಳನ್ನು ಎಂದಿನಂತೆ ಹಿಡಿದಳು, ಬಿಟ್ಟಳು, ತನ್ನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಳು.

ಸುಮಿತ್ರಾ ಕಾದಳು. ಅವಳ ಹಿಂದಿನ ಬೆಂಚು ಕಾಯಿತು. ಕೀಬೋರ್ಡ್ ನುಡಿಸುವ ಹಿರಿಯರಾದ ಶಾಂತರಾಜರು ಅದೇ ಪಲ್ಲವಿಯನ್ನು ಮೂರನೆಯ ಸಲ ಎತ್ತಿಕೊಂಡರು.

"ಬೊಮ್ಮಕ್ಕ, ಮುಂದಕ್ಕೆ ಕೊಡು" ಎಂದು ದಯಾಮಣಿ ಪಿಸುಗುಟ್ಟಿದಳು.

"ಏನ್ನ?"

"ಸಮಾಧಾನಾನ."

"ಯಾರ್ದು ಅದು?"

"ಯಾರ್ದು ಅಂದ್ರೆ? ದೇವರದ್ದು."

"ದೇವ್ರುದಾದ್ರೆ ನೀನೇ ಕೊಡು. ಕೈ ಚಾಚಿದ್ರೆ ಸಿಗ್ತಾಳೆ. ನಾನೇನು ಕೊರಿಯರ್ ಆಫೀಸಾ?"

ಬೊಮ್ಮಕ್ಕನಿಗೆ ಪಿಸುಮಾತು ಬರುವುದಿಲ್ಲ. ಗುಡ್ಡದ ಈ ಕಡೆಯಿಂದ ಆ ಕಡೆಗೆ ಕುರಿ ಕೂಗಿದ ಗಂಟಲು. ಗಂಡಸರ ಕಡೆಯ ಬೆಂಚುಗಳೂ ತಿರುಗಿ ನೋಡಿದವು. ದಯಾಮಣಿ ಕೈ ಚಾಚಲಿಲ್ಲ. ಸುಮಿತ್ರಾ ಗೋಡೆ ನೋಡಿದಳು. ಕೊನೆಗೆ ಅಯ್ಯನವರೇ ಕೆಳಗಿಳಿದು ಬಂದು ನಾಲ್ಕನೆಯ ಬೆಂಚಿಗೆ ಬೇರೆ ಸಮಾಧಾನ ಕೊಟ್ಟು, ಆರಾಧನೆಯನ್ನು ಮುಂದುವರಿಸಿದರು.

ಮಂಗಳವಾರ ತುರ್ತು ಕಮಿಟಿ ಸೇರಿತು. ಯಾರೂ ವಾರಗಿತ್ತಿಯರ ಹೆಸರೆತ್ತಲಿಲ್ಲ, ಅದು ಮನೆಯ ವಿಷಯ. ಚರ್ಚೆಯಾದದ್ದು ಬೊಮ್ಮಕ್ಕನ ಶಿಸ್ತಿನ ಬಗ್ಗೆ. ವಯಸ್ಸಾದವಳು, ಹಿಂದಿನ ಬೆಂಚಿನಲ್ಲಿ ಫ್ಯಾನ್ ಕೆಳಗೆ ಕೂರಿಸಿದರೆ ಹೇಗೆ ಎಂದರು ಶಾಂತರಾಜರು. ಇನ್ನೊಬ್ಬರು, ಕೊರೊನಾ ಕಾಲದಲ್ಲಿ ಮಾಡಿದ ಹಾಗೆ ದೂರದಿಂದಲೇ ಎಲ್ಲರೂ ಕೈಮುಗಿದರೆ ಸಾಲದೇ ಎಂದರು. ಕೂಟದ ಕಾರ್ಯದರ್ಶಿಯಾಗಿ ಅಲ್ಲಿದ್ದ ದಯಾಮಣಿಗೆ ಈ ಸಲಹೆ ಬಹಳ ಹಿಡಿಸಿತು. ಉಳಿದ ವಿಷಯಗಳಲ್ಲಿ ಹೇಗಾದರೂ ಇರಲಿ, ಸಮಾಧಾನದ ದೃಷ್ಟಿಯಿಂದ ಕೊರೊನಾ ಒಳ್ಳೆಯ ಕಾಲವಾಗಿತ್ತು. ಅಯ್ಯನವರು ಮಾತ್ರ ಪೆನ್ನಿನ ಟೋಪಿ ತೆಗೆದು ಹಾಕಿ ಮಾಡುತ್ತ, "ಕಾಣಿಕೆ ಪೀಠದ ಮುಂದೆ ಬಿಟ್ಟು, ಮೊದಲು ಹೋಗಿ ರಾಜಿಯಾಗಿ ಬಾ ಅಂತ ಯೇಸು ಕರ್ತರು ಹೇಳಿದ್ದು..." ಎಂದು ಶುರುಮಾಡಿದರು. ಎಲ್ಲರೂ ತಲೆದೂಗಿದರು. ಒಳ್ಳೆಯ ವಾಕ್ಯ, ಈಸ್ಟರ್ ಆದ ಮೇಲೆ ಅದರ ಮೇಲೆ ಒಂದು ವಿಶೇಷ ಪ್ರಸಂಗ ಇಡೋಣ ಎಂದು ತೀರ್ಮಾನವಾಯಿತು.

ಆದರೆ ದಯಾಮಣಿಗೆ ಮನೆಗೆ ಬಂದ ಮೇಲೂ ಆ ವಾಕ್ಯ ಅಂಗುಳಕ್ಕೆ ಅಂಟಿದ ಹಾಗೆ ಇತ್ತು. ಅದನ್ನು ಬಿಡಿಸಿಕೊಳ್ಳಲು ಸುಮಿತ್ರಾಳಿಗೆ ವಾಟ್ಸಾಪಿನಲ್ಲಿ ಪಾರಿವಾಳದ ಚಿತ್ರವೊಂದನ್ನು ಕಳಿಸಿದಳು. ಕೊಕ್ಕಿನಲ್ಲಿ ಎಲೆ, ಕೆಳಗೆ ಹೊಳೆಯುವ ಅಕ್ಷರದಲ್ಲಿ ಶುಭೋದಯ. ಎರಡು ಗೆರೆ ನೀಲಿಯಾದವು, ಉತ್ತರವಿಲ್ಲ. ಮಾಡುವುದನ್ನು ಮಾಡಿದ್ದೇನೆ ಎಂದು ದಯಾಮಣಿ ಅಂದುಕೊಂಡಳು. ಅಂದುಕೊಂಡ ಮೇಲೂ ನಿದ್ದೆ ಸರಿಬರಲಿಲ್ಲ, ದಿಂಬಿಲ್ಲದ್ದಕ್ಕೆ ಇರಬಹುದು.

ಈಸ್ಟರ್‌ಗೆ ಮುಂಚಿನ ಶ್ರಮೆಯ ವಾರದ ಮಂಗಳವಾರ ಅವಳು ಬೊಮ್ಮಕ್ಕನನ್ನು ತರಾಟೆಗೆ ತೆಗೆದುಕೊಳ್ಳಲು ಹೋದಳು. ಬೊಮ್ಮಕ್ಕ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು.

"ಬಾ ದಯಮ್ಮ, ಕುಂತ್ಕ. ಕಾಫಿ ಕಾಸ್ಲಾ?"

"ಬ್ಯಾಡ. ಕಾಫಿ ಬಿಟ್ಟೀನಿ."

"ಯಾಕೆ, ಹೊಟ್ಟೆ ಸರಿಗಿಲ್ವಾ?"

"ಉಪವಾಸದ ದಿನ ಅಲ್ವಾ ಬೊಮ್ಮಕ್ಕ."

"ಓ. ಪಾಪ, ಕಾಫಿ ಏನ್ ತಪ್ಪು ಮಾಡಿತ್ತು."

ದಯಾಮಣಿ ನೇರವಾಗಿ ವಿಷಯಕ್ಕೆ ಬಂದಳು. "ನಾಕು ವರ್ಷ ನನ್ನ ಕೈಯಿಂದ ಇಸ್ಕಂಡು ಅವಳಿಗೆ ಕೊಟ್ಟಿದೀಯ. ಈಗೇನಾತು ನಿಂಗೆ? ಅಷ್ಟು ಜನದ ಮುಂದೆ ನನ್ನ ಮಾನ ತೆಗೆದೆಯಲ್ಲ."

"ಯಾರು ಕೊಟ್ಟಿದ್ದು?"

"ನೀನೇ. ನನ್ನ ಸಮಾಧಾನ ಸುಮಿತ್ರಾಗೆ."

ಬೊಮ್ಮಕ್ಕ ಬೀಜವೊಂದನ್ನು ಮೊರದಾಚೆ ಎಸೆದಳು. "ನಿಂದು ನಾನೆಂದೂ ಅವಳಿಗೆ ಕೊಟ್ಟಿಲ್ಲ ಕಣವ್ವ. ನಿಂದು ಇಸ್ಕಂಡು ಮಡಿಲಾಗೆ ಇಟ್ಕಂತಿದ್ದೆ. ಅವಳಿಗೆ ಕೊಡ್ತಿದ್ದಿದ್ದು ನನ್ದು. ಅವಳಿಗೂ ಗೊತ್ತು ಅದು."

ದಯಾಮಣಿ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು.

"ನಿನ್ ಕೈ ಯಾವಾಗ್ಲೂ ತಣ್ಣಗಿರ್ತೈತೆ. ತಂಗಳು ಮುದ್ದೆ ಮುಟ್ಟಿದಂಗೆ. ಅಂಥದ್ನ ಇನ್ನೊಬ್ರಿಗೆ ಹೆಂಗೆ ಕೊಡಾದು?"

"ಹಂಗಾದ್ರೆ ಮೊದ್ಲೇ ಹೇಳ್ಬಾರದಿತ್ತಾ?"

"ನೀನು ಕೂಟದ ಸೆಕ್ರೆಟ್ರಿ, ನಿಂಗೆ ನಾನೇನು ಹೇಳ್ಲಿ? ಈಗ ನಂಗೂ ಎಂಬತ್ತಾತು. ಎರಡು ಟಗರಿನ ಮಧ್ಯೆ ಎಷ್ಟು ದಿನ ಅಂತ ನಿಂತ್ಕಳ್ಳಿ? ಸೊಂಟ ನೋಯ್ತೈತೆ." ಅವಳು ಒಂದು ಹಿಡಿ ಹುಣಸೆಹಣ್ಣನ್ನು ದಯಾಮಣಿಯ ಸೆರಗಿಗೆ ಹಾಕಿದಳು. "ತಗಾ, ಸಾರಿಗೆ. ಇದ್ನೂ ಬಿಟ್ಟಿದೀಯೇನು?"

ನಾಲ್ಕು ವರ್ಷ. ಒಂದು ಸಲವೂ ಅತ್ತ ದಾಟಿರಲಿಲ್ಲ. ಆದರೂ ಪ್ರತಿ ತಿಂಗಳು ಮೊಣಕಾಲೂರಿ ರೊಟ್ಟಿ ತಿಂದಿದ್ದಾಳೆ, ಪಾತ್ರೆಯಿಂದ ಕುಡಿದಿದ್ದಾಳೆ. ಅಯೋಗ್ಯರಾಗಿ ತಿನ್ನುವವರ ಗತಿ ಏನೆಂದು ಬುಧವಾರದ ಕೂಟದಲ್ಲಿ ಅವಳೇ ಎಷ್ಟೋ ಸಲ ವಿವರಿಸಿದ್ದಳು.

ಗುರುವಾರ ಸಂಜೆ ಆರೂವರೆಗೆ, ಯೇಸುವಿನ ಕಡೆಯ ಊಟದ ನೆನಪಿಗೆ, ಕರ್ತನ ಭೋಜನದ ಆರಾಧನೆ. ವರ್ಷದಲ್ಲೇ ದೊಡ್ಡ ಸಂಸ್ಕಾರ. ಪ್ರಭುದಾಸ ಮೊದಲೇ ಹೋಗಿದ್ದ. ದಯಾಮಣಿ ಬಿಳಿ ಸೀರೆಯುಟ್ಟು, ಇಸ್ತ್ರಿ ಮಾಡಿದ ಮೇಜಿನ ಬಟ್ಟೆಯನ್ನು ಟವೆಲಿನಲ್ಲಿ ಸುತ್ತಿ, ಆರು ಗಂಟೆಗೆ ಹೊರಟಳು. ಬೀದಿಯ ತುದಿಯಲ್ಲಿ ಎಡಕ್ಕೆ ತಿರುಗಿದರೆ ದೇವಾಲಯ. ಅವಳು ಬಲಕ್ಕೆ ತಿರುಗಿದಳು. ಅದು ವಿಧೇಯತೆಯೋ, ನರಕದ ಹೆದರಿಕೆಯೋ, ಬೊಮ್ಮಕ್ಕ ಮತ್ತೆ ಕೂಗಿಯಾಳೆಂಬ ನಾಚಿಕೆಯೋ, ಖಂಡಿತವಾಗಿ ಹೇಳುವುದು ಕಷ್ಟ. ಮೂರೂ ಸೇರಿ ಎರಡು ಬೀದಿ ದಾಟಿಸಿದವು ಎನ್ನಬೇಕು.

ಸುಮಿತ್ರಾ ಮನೆಯ ಮುಂಭಾಗದಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ಪ್ರಭುದಾಸನ ತಮ್ಮ ತೀರಿಕೊಂಡ ಮೇಲೆ ಆ ಮಷೀನೇ ಮಗಳನ್ನು ಓದಿಸಿದ್ದು. ಯಾರದೋ ಕೆಂಪು ಸೀರೆಗೆ ಫಾಲ್ ಹಚ್ಚುತ್ತಿದ್ದವಳು ತಲೆಯೆತ್ತಿದಳು.

"ಬರ್ರಿ ಅಕ್ಕ. ದಾರಿ ತಪ್ಪಿತಾ?"

"ಇಲ್ಲ. ನಿನ್ನ ಹತ್ರಾನೇ ಬಂದೆ."

"ಬ್ಲೌಸಾ? ಈಸ್ಟರ್ ಒಳಗೆ ಆಗಲ್ಲ. ಕೈತುಂಬ ಕೆಲಸ ಐತೆ."

ದಯಾಮಣಿ ಸ್ಟೂಲಿನ ಮೇಲೆ ಕೂತಳು. ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡಳು. ಎಲ್ಲಿಂದ ಶುರುಮಾಡಬೇಕೆಂದು ಹೊಳೆಯದೆ, ಅಭ್ಯಾಸಬಲದಿಂದ, "ಸುಮಿತ್ರಾ, ಮೊದ್ಲು ಒಂದು ಪ್ರಾರ್ಥನೆ ಮಾಡಾಣ" ಎಂದಳು.

"ಪ್ರಾರ್ಥನೆ ಒಂದು ಬ್ಯಾಡ್ರಿ. ಹೋದ ಸಲ ನೀವು ನಮ್ಮನೇಗಂತ ಮಾಡಿದ್ದೇ ಇನ್ನೂ ಅರಗಿಲ್ಲ."

ಮಷೀನು ಮತ್ತೆ ಓಡತೊಡಗಿತು. ಆ ಸದ್ದಿನ ಮೇಲೆಯೇ ದಯಾಮಣಿ ಹೇಳಿದಳು, "ಪ್ರೀತಿ ವಿಷಯ ನಾನು ಹೇಳಿದ್ದು ಸುಳ್ಳು."

"ಗೊತ್ತು."

"ಸುಳ್ಳು ಅಂತ ನಂಗೆ ಎಂಟನೇ ದಿನಾನೇ ಗೊತ್ತಾಗಿತ್ತು. ಆಸ್ಪತ್ರೆ ಗೇಟಲ್ಲಿ ಕಣ್ಣಾರೆ ನೋಡಿದ್ದೆ. ಆ ಡ್ರೈವರ್ ಅವಳಿಗೆ ಅಜ್ಜನಂಗಿದ್ದ."

ಮಷೀನು ನಿಂತಿತು.

"ಅವರು ಬ್ಯಾಡ ಅಂದಿದ್ದು ಹತ್ತನೇ ದಿನ" ಎಂದಳು ಸುಮಿತ್ರಾ ನಿಧಾನವಾಗಿ.

"ಹೂಂ."

"ಎರಡು ದಿನ ಇತ್ತು ನಿಮಗೆ."

"ಹೂಂ."

ಸುಮಿತ್ರಾ ಬೈದಿದ್ದರೆ ಚೆನ್ನಾಗಿತ್ತು. ಬೈಸಿಕೊಳ್ಳುವುದಕ್ಕೆ ದಯಾಮಣಿ ದಾರಿಯುದ್ದಕ್ಕೂ ಸಿದ್ಧಳಾಗಿಯೇ ಬಂದಿದ್ದಳು. ಆದರೆ ಸುಮಿತ್ರಾ ಸೀರೆಯ ಅಂಚಿನಿಂದ ಉಳಿದ ದಾರವನ್ನು ಕತ್ತರಿಸಿ ಹಾಕಿದಳು. ಆಗ ದಯಾಮಣಿಯ ಫೋನು ಹೊಡೆದುಕೊಂಡಿತು. ಪ್ರಭುದಾಸ.

"ಲೇ, ಎಲ್ಲಿದೀಯ? ಬಟ್ಟೆ ಎಲ್ಲೈತೆ? ಅಯ್ಯನವರು ಬರೀ ಮೇಜಿನ ಮುಂದೆ ನಿಂತವ್ರೆ!"

"ಬತ್ತೀನಿ" ಎಂದು ಇಟ್ಟಳು.

"ಹೋಗ್ರಿ, ಬಟ್ಟೆ ಕಾಯ್ತಾ ಐತಂತೆ" ಎಂದಳು ಸುಮಿತ್ರಾ.

ದಯಾಮಣಿ ಎದ್ದಳು. ಬಾಗಿಲವರೆಗೂ ಹೋದಳು ಎನ್ನುವುದನ್ನು ಮುಚ್ಚಿಡಬಾರದು. ಅಲ್ಲಿಂದ ವಾಪಸು ಬಂದು, ಗಂಟನ್ನು ಹೊಲಿಗೆಯ ಬಟ್ಟೆಗಳ ರಾಶಿಯ ಮೇಲಿಟ್ಟು ಮತ್ತೆ ಕೂತಳು.

"ಏನು ಮಾಡ್ಲಿ ಹೇಳು."

"ಎಲ್ಲಿ ಹೇಳಿದ್ರೋ ಅಲ್ಲೇ ಹೇಳ್ರಿ. ಗುಂಪಿನಾಗೆ. ಬಾಯಿಂದ."

"ಈಸ್ಟರ್ ಆದ ಮೇಲೆ ಬುಧವಾರ..."

"ಈಗ."

ದಯಾಮಣಿ ಫೋನನ್ನು ಬಾಯಿಯ ಹತ್ತಿರ ಹಿಡಿದು ಗುಂಡಿ ಒತ್ತಿದಳು. "ಪ್ರಿಯ ಸಹೋದರಿಯರೇ, ಕರ್ತನ ಹೆಸರಿನಲ್ಲಿ ವಂದನೆಗಳು. ಒಂದು ಕುಟುಂಬದ ಒಬ್ಬ ಹೆಣ್ಣುಮಗಳ ಬಗ್ಗೆ ತಪ್ಪು ತಿಳುವಳಿಕೆ ಉಂಟಾಗಿ..."

"ನಿಲ್ಸ್ರಿ. ಉಂಟಾಗಿ ಅಂದ್ರೆ? ಮಳೆ ಬಂದಂಗೆ ತಾನಾಗೇ ಬಂತಾ? ಯಾರು ಉಂಟುಮಾಡಿದ್ದು ಅದ್ನ?"

ಅಳಿಸಿದಳು. ಎರಡನೆಯ ಸಲ "ನಾನು" ಎಂಬುದು ಬಂತು, ಹೆಸರು ಬರಲಿಲ್ಲ.

"ಆವಾಗ ಹೆಸರು ಹೇಳ್ದೇನೇ ಎಲ್ಲರಿಗೂ ಗೊತ್ತಾತು ಅಕ್ಕ. ಈಗ ಹೆಸರು ಹೇಳ್ದಿದ್ರೆ ಒಬ್ಬರಿಗೂ ಗೊತ್ತಾಗಲ್ಲ."

ಮೂರನೆಯ ಸಲ ಎಲ್ಲವೂ ಬಂತು. ಪ್ರೀತಿ, ಹಿರಿಯೂರು, ಎಂಟನೆಯ ದಿನ, ಹತ್ತನೆಯ ದಿನ, ಆಮೇಲೆ ತಾನು ಸಲ್ಲಿಸಿದ ಸ್ತೋತ್ರ. ಪೂರಾ ಎರಡು ನಿಮಿಷ. ಕೊನೆಗೆ ವಾಕ್ಯವಾಗಲಿ ಆಶೀರ್ವಾದವಾಗಲಿ ನೆನಪಾಗಲಿಲ್ಲ. "ಅಷ್ಟೇ" ಅಂದು ಬಿಟ್ಟಳು. ಕಳಿಸುವ ಗುಂಡಿಯನ್ನು ಸುಮಿತ್ರಾಳೇ ಒತ್ತಬೇಕಾಯಿತು.

ಹತ್ತು ಸೆಕೆಂಡಿನಲ್ಲಿ ಮೊದಲ ಉತ್ತರ ಬಂತು: "ಆಮೆನ್." ಅದರ ಹಿಂದೆಯೇ ಹದಿನೈದು ಆಮೆನ್, ಒಂಬತ್ತು ಜೋಡಿ ಮುಗಿದ ಕೈ, ಚಿತ್ರದುರ್ಗದಿಂದ ಒಂದು ಮಲ್ಲಿಗೆ ಹೂವು. "ದೇವರು ಆ ಕುಟುಂಬವನ್ನು ಬಿಡಿಸಲಿ, ಪ್ರಾರ್ಥಿಸುತ್ತಿದ್ದೇವೆ ಅಕ್ಕ" ಎಂದು ಇನ್ನೊಬ್ಬರು. ಎರಡು ನಿಮಿಷದ ಮಾತಿಗೆ ಒಂದು ನಿಮಿಷ ತುಂಬುವ ಮೊದಲೇ ಇಡೀ ಜಿಲ್ಲೆ ಒಪ್ಪಿಗೆ ಕೊಟ್ಟಿತ್ತು.

ಸುಮಿತ್ರಾ ಪರದೆಯನ್ನೇ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ನಕ್ಕಳು. ನಗು ನಿಲ್ಲಿಸಲಾಗದೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಥೂ, ಇಂಥವರ ಮಾತಿಗೆ ನನ್ನ ಮಗಳು ಊರು ಬಿಟ್ಟಳಲ್ಲ ಅಕ್ಕ" ಎಂದಳು. ಆಮೇಲೆ, ಆಮೆನ್‌ಗಳೆಲ್ಲ ಮುಗಿದು, ಸುಮಾರು ಮೂರು ನಿಮಿಷದ ಮೇಲೆ ಹೊಳಲ್ಕೆರೆಯಿಂದ ಒಂದೇ ಒಂದು ಪದ ಬಂತು. ಲೀಲಾವತಮ್ಮ. "ಕೇಳಿದೆ."

ಸುಮಿತ್ರಾ ದಯಾಮಣಿಯ ಆ ಎರಡು ನಿಮಿಷದ ಧ್ವನಿಯನ್ನು ಮಗಳಿಗೆ ಕಳಿಸಿದಳು. ಗೆರೆಗಳು ನೀಲಿಯಾದವು. ಉತ್ತರ ಬರಲಿಲ್ಲ.

"ಕ್ಷಮಿಸಿದೀನಿ ಅಂತ ತಿಳ್ಕಬ್ಯಾಡ್ರಿ. ನಂಗಿನ್ನೂ ಗೊತ್ತಿಲ್ಲ. ಪ್ರೀತಿನ ಕೇಳ್ಬೇಕು." ಅವಳು ಎದ್ದು ಸೀರೆ ಕೊಡವಿಕೊಂಡಳು. "ನಡೀರಿ, ಬಾಗ್ಲಾಕ್ಕಂಡು ಬತ್ತೀನಿ."

ದಯಾಮಣಿ ಬಟ್ಟೆಯ ಗಂಟನ್ನು ಎತ್ತಿಕೊಂಡಳು; ಇಬ್ಬರೂ ಬೀದಿಗಿಳಿದು ನಡೆದರು. ದೇವಾಲಯದಲ್ಲಿ ಶಾಂತರಾಜರು ಏಳನೆಯ ಕೀರ್ತನೆಗೆ ಬಂದಿದ್ದರು. ದಯಾಮಣಿ ಎಲ್ಲರ ಕಣ್ಣಿನ ಕೆಳಗೆ ಮುಂದೆ ಹೋಗಿ ಬಟ್ಟೆ ಹಾಸಿದಳು. ನಡುವೆ ಎದ್ದು ಕಾಣುವ ಸುಕ್ಕು. ಅದರ ಪಕ್ಕ, ಹೊಲಿಗೆಯ ರಾಶಿಯಿಂದ ಅಂಟಿಕೊಂಡು ಬಂದ ಒಂದು ಗೇಣು ಕೆಂಪು ದಾರ. ತೆಗೆಯಲು ಕೈ ಹೋಯಿತು. ತಡವಾಗಿದೆ ಎಂದು ಬಿಟ್ಟು ಬಂದಳು.

ಸಮಾಧಾನ ಮೂರನೆಯ ಬೆಂಚಿಗೆ ಬಂದಾಗ ಬೊಮ್ಮಕ್ಕ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹಿಂದಕ್ಕೆ ಒರಗಿದಳು. ದಯಾಮಣಿ ಅವಳ ಮೊಣಕಾಲಿನ ಮೇಲಿಂದ ಬಾಗಿ ಕೈ ಚಾಚಿದಳು. ಸುಮಿತ್ರಾ ಸ್ವಲ್ಪ ಹೊತ್ತು ಆ ಕೈಗಳನ್ನು ನೋಡಿದಳು. ಎರಡೂ ಕೈಯಲ್ಲಿ ಹಿಡಿಯಬೇಕೆಂಬುದು ಕ್ರಮ. ಅವಳು ಒಂದೇ ಕೈಯಲ್ಲಿ, ಬೆರಳ ತುದಿಯಲ್ಲಿ ಮುಟ್ಟಿದಳು.

"ಬೆವರೈತೆ" ಎಂದಳು.

"ಹೂಂ" ಎಂದಳು ದಯಾಮಣಿ.

"ಕೊಟ್ಟಿದ್ದಾತಾ? ನನ್ನ ಮೊಣಕಾಲು ಬಿಡ್ರವ್ವ" ಎಂದಳು ಬೊಮ್ಮಕ್ಕ, ಕಡೆಯ ಬೆಂಚಿಗೂ ಕೇಳುವಂತೆ.

ಈಸ್ಟರ್ ಆದ ಮೇಲೆ ಕಮಿಟಿ ಸೇರಿತು. ಪವಿತ್ರ ಗುರುವಾರದಂದು ಮೇಜಿನ ಬಟ್ಟೆ ಇಪ್ಪತ್ತೆರಡು ನಿಮಿಷ ತಡವಾಗಿ ಬಂದದ್ದಕ್ಕೂ, ಅದು ಸುಕ್ಕಾಗಿದ್ದು ದಾರ ಅಂಟಿಕೊಂಡಿದ್ದಕ್ಕೂ ತೀವ್ರ ವಿಷಾದ ವ್ಯಕ್ತಪಡಿಸಲಾಯಿತು. ಪ್ರಾರ್ಥನಾ ಸರಪಳಿಯ ಗುಂಪಿನಲ್ಲಿ ಇನ್ನು ಮುಂದೆ ಮನೆಯ ವಿಷಯ ಹಾಕಬಾರದೆಂದು ಸೂಚಿಸಲಾಯಿತು. ಬಟ್ಟೆಯ ಸೇವೆಯನ್ನು ದಯಾಮಣಿಯಿಂದ ಬಿಡಿಸಿ, ಹೆಚ್ಚು ಶ್ರದ್ಧೆಯುಳ್ಳ ಇನ್ನೊಬ್ಬರಿಗೆ ವಹಿಸಲಾಯಿತು. ದಯಾಮಣಿ ಎದ್ದು ನಿಂತು, ಗಂಜಿ ಎಷ್ಟು, ನೀಲಿ ಎಷ್ಟು ಎಂಬುದನ್ನು ಆಕೆಗೆ ಬರೆದುಕೊಟ್ಟಳು. ಆಮೇಲೆ ಮನೆಗೆ ಬಂದು ಒಂದು ಲೋಟ ಕಾಫಿ ಮಾಡಿಕೊಂಡು, ಕುಡಿಯದೆ, ಫೋನು ನೋಡುತ್ತ ಕೂತಳು. ಪ್ರೀತಿಯಿಂದ ಇನ್ನೂ ಏನೂ ಬಂದಿರಲಿಲ್ಲ.